ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ: ಬ್ಯಾಟರಿ ಡೌನ್ ಆಗುವುದರ ಕುರಿತು ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿಯ ಒಬ್ಬ ಪ್ರೌಢಶಾಲಾ ಶಿಕ್ಷಕರಿಂದ):

ನಮಸ್ಕಾರ ಸರ್. ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಕಾರು. ಮಳೆಗಾಲ ಶುರುವಾದಾಗಿನಿಂದ ಅನೇಕ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎತ್ತುವುದಿಲ್ಲ. ಕಟಕಟ ಎಂಬ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದರೆ ಸಂಜೆಯವರೆಗೆ ಯಾವ ತೊಂದರೆಯೂ ಇರುವುದಿಲ್ಲ. ಬ್ಯಾಟರಿ ಹಳೆಯದಾಗಿದೆ ಎಂದು ಅಂಗಡಿಯವರು ಹೇಳಿದ್ದರಿಂದ 35 ಆಂಪಿಯರ್ ಅವರ್ ಸಾಮರ್ಥ್ಯದ ಹೊಸ ಬ್ಯಾಟರಿ ಹಾಕಿಸಿದೆ. ವಾರ ಹತ್ತು ದಿನ ಸರಿಯಿದ್ದು ಮತ್ತೆ ಅದೇ ಸ್ಥಿತಿಗೆ ಬಂತು. ಈಗ ಇನ್ನೊಬ್ಬರು, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಬೇಕು ಎನ್ನುತ್ತಿದ್ದಾರೆ. ಅದಕ್ಕೆ ಬ್ಯಾಟರಿಗಿಂತ ಹೆಚ್ಚು ಹಣ ಬೇಕು. ಶಾಲೆ ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿದೆ, ದಿನದ ಓಡಾಟ ಅಷ್ಟೇ. ಗಮನಕ್ಕೆ ಬಂದ ಒಂದು ಸಂಗತಿಯೆಂದರೆ, ಶಿವಮೊಗ್ಗಕ್ಕೆ ಹೋಗಿ ಬಂದ ಮರುದಿನ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಬೇಸಿಗೆಯಲ್ಲಿ ಸ್ಟೀರಿಯೋ, ಸೀಟಿನ ಕೆಳಗೆ ಆಂಪ್ಲಿಫೈಯರ್ ಮತ್ತು ರಿವರ್ಸ್ ಕ್ಯಾಮೆರಾ ಹಾಕಿಸಿದ್ದೇನೆ. ಏನು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ (ಆಟೋ ಎಲೆಕ್ಟ್ರಿಷಿಯನ್):

ನಮಸ್ಕಾರ ಮೇಷ್ಟ್ರೇ. ಆಲ್ಟರ್ನೇಟರ್‌ಗೆ ಸದ್ಯ ಹಣ ಕೊಡಬೇಡಿ. ನೀವು ಕೊನೆಯಲ್ಲಿ ಬರೆದ ಶಿವಮೊಗ್ಗದ ಸಂಗತಿಯೇ ಈ ಪ್ರಶ್ನೆಯಲ್ಲಿ ಅತ್ಯಂತ ಮುಖ್ಯವಾದದ್ದು. ಹೋಗಿ ಬರಲು ಸುಮಾರು 120 ಕಿಲೋಮೀಟರ್ ಓಡಿದ ಮೇಲೆ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಹಾಗಾಗಿ ಮೂರು ಪ್ರಶ್ನೆಗಳು ಉಳಿಯುತ್ತವೆ: ಬ್ಯಾಟರಿ ತುಂಬಿಕೊಂಡದ್ದನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ, ನಿಂತ ಕಾರಿನಲ್ಲಿ ಯಾವುದೋ ಒಂದು ವಸ್ತು ಕರೆಂಟ್ ಎಳೆಯುತ್ತಿದೆಯೇ, ದಿನಕ್ಕೆ ಹನ್ನೆರಡು ಕಿಲೋಮೀಟರ್ ಓಡಿದರೆ ಹೋದಷ್ಟು ಕರೆಂಟ್ ಹಿಂದಿರುಗುತ್ತದೆಯೇ. ಈ ಮೂರನ್ನೂ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಂಡು ಮನೆಯಲ್ಲೇ ತಿಳಿಯಬಹುದು. ಅಳೆಯದೆ ಬಿಡಿಭಾಗ ಬದಲಿಸುವ ಅಭ್ಯಾಸದಿಂದ ಜನರ ದುಡ್ಡು ಹೇಗೆ ಹೋಗುತ್ತಿದೆ ಎಂಬುದನ್ನು ನಿತ್ಯ ನೋಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ವೋಲ್ಟೇಜ್. ಸಂಜೆ ಕಾರು ನಿಲ್ಲಿಸಿ ಮೂರು ನಾಲ್ಕು ಗಂಟೆ ಬಿಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೆ ಮೀಟರ್ ಹಿಡಿಯಿರಿ. ಓಡಿಸಿ ಬಂದ ಕೂಡಲೇ ನೋಡಿದರೆ ಮೀಟರ್ ಹೆಚ್ಚು ತೋರಿಸಿ ದಾರಿ ತಪ್ಪಿಸುತ್ತದೆ. 12.6 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪೂರ್ತಿ ಚಾರ್ಜ್, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಎಂದು ಸುಮಾರಾಗಿ ತಿಳಿಯಿರಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಇನ್ನೊಮ್ಮೆ ಅಳೆಯಬೇಕು. ಅದಕ್ಕೆ ಅನುಕೂಲವಾಗಲೆಂದು ಹಿಂದಿನ ರಾತ್ರಿಯೇ ಬಾನೆಟ್ ಅನ್ನು ಲಾಕ್ ಆಗದಂತೆ ಸುಮ್ಮನೆ ಇಳಿಸಿಡಿ. ಆಮೇಲೆ ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಮೀಟರ್ ನೋಡುತ್ತಿರಲಿ. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರವರೆಗೆ ಇದ್ದರೆ ಚಾರ್ಜಿಂಗ್ ಸರಿಯಿದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುವುದರಿಂದ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಎರಡನೆಯದು ನಿಂತ ಕಾರು ಎಳೆಯುವ ಕರೆಂಟ್. ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಕೀ ತೆಗೆದು ಬಾಗಿಲು ಹಾಕಿದ ತಕ್ಷಣ ಕಾರು ಮಲಗುವುದಿಲ್ಲ. ಅದರೊಳಗಿನ ಕಂಟ್ರೋಲ್ ಯೂನಿಟ್‌ಗಳು ಒಂದೊಂದಾಗಿ ನಿದ್ರೆಗೆ ಹೋಗಲು ಹತ್ತು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೂ ಹಿಡಿಯುತ್ತದೆ, ಕೆಲವು ದೊಡ್ಡ ಕಾರುಗಳಿಗೆ ಇನ್ನೂ ಹೆಚ್ಚು ಬೇಕು. ಅಷ್ಟರೊಳಗೆ ಅಳೆದವರಿಗೆ ಎರಡು ಮೂರು ಆಂಪಿಯರ್ ಕಂಡು, ವೈರಿಂಗ್‌ನಲ್ಲೇ ದೋಷವಿದೆ ಎಂಬ ಗಾಬರಿಯಾಗುತ್ತದೆ. ಆದ್ದರಿಂದ ಹೀಗೆ ಮಾಡಿ. ಚಾಲಕನ ಬಾಗಿಲು ತೆರೆದು, ಬಾಗಿಲ ಅಂಚಿನಲ್ಲಿರುವ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ. ಆಗ ಬಾಗಿಲು ತೆರೆದಿದ್ದರೂ ಕಾರು ಅದನ್ನು ಮುಚ್ಚಿದೆ ಎಂದೇ ತಿಳಿಯುತ್ತದೆ, ಮತ್ತು ನಿಮಗೆ ಫ್ಯೂಸ್ ಬಾಕ್ಸ್ ಕೈಗೆ ಸಿಗುತ್ತದೆ. ಹಳೆಯ ಮಾದರಿಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ರಬ್ಬರ್ ಟೊಪ್ಪಿಯ ಸ್ವಿಚ್ ಇದ್ದರೆ ಅದನ್ನು ಒತ್ತಿ ಟೇಪ್ ಅಂಟಿಸಬೇಕು. ಅಳತೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆಯನ್ನು ಬಿಡಿಸದೆ ಬಾಗಿಲನ್ನು ಹಾಕಬೇಡಿ, ಲಾಕ್ ಮುರಿಯುತ್ತದೆ.

ನಂತರ ಹತ್ತರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಕೇಬಲ್ ಸಡಿಲಿಸಿ. ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದಿರುವ ರಂಧ್ರಕ್ಕೆ ಹಾಕಿ, ಮೀಟರನ್ನು ಕೇಬಲ್ ಮತ್ತು ನೆಗೆಟಿವ್ ಟರ್ಮಿನಲ್‌ಗಳ ನಡುವೆ ಸೇರಿಸಿ. ಮಿಲಿ ಆಂಪಿಯರ್ ರಂಧ್ರಕ್ಕೆ ಹಾಕಿದರೆ ಮೊದಲ ಕ್ಷಣದಲ್ಲೇ ಮೀಟರ್‌ನ ಫ್ಯೂಸ್ ಸುಡುತ್ತದೆ. ಮೀಟರ್‌ಗೆ ಸಮಾನಾಂತರವಾಗಿ ಎರಡೂ ಕಡೆ ಕ್ಲಿಪ್ ಇರುವ ಒಂದು ದಪ್ಪ ತಂತಿಯನ್ನೂ ಹಾಕಿಟ್ಟು, ಕಾರನ್ನು ಲಾಕ್ ಮಾಡಿ, ಮುಕ್ಕಾಲು ಗಂಟೆಯ ನಂತರ ಆ ತಂತಿಯನ್ನು ಮಾತ್ರ ಬಿಡಿಸುವುದು ಉತ್ತಮ. ಲಾಕ್ ಮಾಡುವಾಗಿನ ಹೆಚ್ಚಿನ ಕರೆಂಟ್ ಆಗ ಮೀಟರ್ ಮೂಲಕ ಹಾಯುವುದಿಲ್ಲ. ಮೀಟರ್ ಹೀಗೆ ಸೇರಿರುವಾಗ ಯಾವ ಕಾರಣಕ್ಕೂ ಇಗ್ನಿಷನ್ ಆನ್ ಮಾಡಬೇಡಿ, ಸೆಲ್ಫ್ ಅಂತೂ ಹೊಡೆಯಲೇ ಬೇಡಿ. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ತಂತಿಯ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಇರುವವರು ಕೇಬಲ್ ಬಿಚ್ಚಬೇಕಾಗಿಯೇ ಇಲ್ಲ, ಆದರೆ ಅದು ಡಿಸಿ ಅಳೆಯುವಂಥದ್ದಾಗಿರಬೇಕು. ಮನೆ ವೈರಿಂಗ್‌ಗೆ ಬಳಸುವ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಬಹುಪಾಲು ಎಸಿಗೆ ಮಾತ್ರ ಕೆಲಸ ಮಾಡುತ್ತವೆ.

ಕಾರು ಪೂರ್ತಿ ಮಲಗಿದ ಮೇಲೆ 0.02ರಿಂದ 0.05 ಆಂಪಿಯರ್‌ವರೆಗೆ ಕಂಡರೆ ಅದು ಸಹಜ. ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್, ಎಂಜಿನ್ ಕಂಪ್ಯೂಟರಿನ ನೆನಪು ಇವುಗಳಿಗೆ ಅಷ್ಟು ಬೇಕು. ಅದಕ್ಕಿಂತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಕೀಳಲು ಹೋಗಬೇಡಿ. ಕಿತ್ತು ಮತ್ತೆ ಹಾಕಿದರೆ ಮಲಗಿದ್ದ ಯೂನಿಟ್ ಎಚ್ಚರವಾಗಿ ಲೆಕ್ಕ ಕೆಡುತ್ತದೆ. ಬದಲಾಗಿ ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಪ್ರತಿ ಫ್ಯೂಸ್‌ನ ನೆತ್ತಿಯಲ್ಲಿ ಕಾಣುವ ಎರಡು ಸಣ್ಣ ಲೋಹದ ಚುಕ್ಕೆಗಳ ಮೇಲೆ ಎರಡೂ ಮೊನೆಗಳನ್ನು ಇಡಿ. ಕರೆಂಟ್ ಹರಿಯುತ್ತಿರುವ ಫ್ಯೂಸ್‌ನಲ್ಲಿ ಮಾತ್ರ ಮಿಲಿವೋಲ್ಟ್ ಕಾಣುತ್ತದೆ. 10 ಆಂಪಿಯರ್‌ನ ಸಣ್ಣ ಫ್ಯೂಸ್‌ನಲ್ಲಿ 0.1 ಆಂಪಿಯರ್ ಹರಿದರೆ ಸುಮಾರು 0.7 ಮಿಲಿವೋಲ್ಟ್ ಬರುತ್ತದೆ. ಈ ಕೆಲಸಕ್ಕೆ ಮೀಟರ್ ಮತ್ತೆ ವೋಲ್ಟ್ ರಂಧ್ರಕ್ಕೆ ಬೇಕಾಗುವುದರಿಂದ ಅದನ್ನು ತೆಗೆಯುವ ಮೊದಲು ಸಮಾನಾಂತರ ತಂತಿಯನ್ನು ಮರಳಿ ಹಾಕಿಕೊಳ್ಳಿ. ಅಳತೆಗಳನ್ನು ಬರೆದು ಕಳುಹಿಸಿ.

ಪ್ರಶ್ನೆ (ಅದೇ ಶಿಕ್ಷಕರಿಂದ, ಅಳತೆಗಳೊಂದಿಗೆ):

ಸರ್, ನೀವು ಹೇಳಿದಂತೆಯೇ ಮಾಡಿದೆ. ರಾತ್ರಿ ಎಂಟಕ್ಕೆ 12.30 ವೋಲ್ಟ್, ಬೆಳಿಗ್ಗೆ ಏಳಕ್ಕೆ 12.12. ಕಷ್ಟಪಟ್ಟು ಸ್ಟಾರ್ಟ್ ಆಯಿತು. ಆ ಕ್ಷಣದಲ್ಲಿ ಮೀಟರ್ 8.9 ತೋರಿಸಿತು. ಎಂಜಿನ್ ಓಡುವಾಗ 14.2 ಇದೆ. ಕರೆಂಟ್ ಮೊದಲು ಮೂರು ಆಂಪಿಯರ್ ದಾಟಿತ್ತು, ಅರ್ಧ ಗಂಟೆಯ ಮೇಲೆ 0.42ಕ್ಕೆ ಬಂದು ನಿಂತಿತು, ಮತ್ತೆ ಇಳಿಯಲಿಲ್ಲ. ಆದರೆ ಡ್ಯಾಶ್‌ಬೋರ್ಡಿನ ಕೆಳಗಿನ ಮತ್ತು ಬಾನೆಟ್ ಒಳಗಿನ ಎರಡೂ ಫ್ಯೂಸ್ ಬಾಕ್ಸ್‌ಗಳಲ್ಲಿ ಹುಡುಕಿದರೂ ಒಂದೆರಡು ಕಡೆ 0.1 ಮಿಲಿವೋಲ್ಟ್ ಬಿಟ್ಟರೆ ಏನೂ ಸಿಗಲಿಲ್ಲ. ಹಾಗಾದರೆ ಆ ಕರೆಂಟ್ ಹೋಗುತ್ತಿರುವುದು ಎಲ್ಲಿಗೆ?

ಉತ್ತರ:

ಬಹಳ ಅಚ್ಚುಕಟ್ಟಾಗಿ ಅಳೆದಿದ್ದೀರಿ ಮೇಷ್ಟ್ರೇ. ಮೊದಲು ಈ 0.42ರ ಅರ್ಥವೇನೆಂದು ನೋಡೋಣ. ಹನ್ನೊಂದು ಗಂಟೆಯ ಒಂದು ರಾತ್ರಿಯಲ್ಲಿ ಇದು ಎಳೆಯುವುದು ಸುಮಾರು 4.6 ಆಂಪಿಯರ್ ಅವರ್. 35ರ ಆರೋಗ್ಯವಂತ ಬ್ಯಾಟರಿ ಪೂರ್ತಿ ತುಂಬಿದ್ದರೆ ಅದು ಏಳೆಂಟನೆಯ ಒಂದು ಭಾಗವಷ್ಟೇ, ಆದ್ದರಿಂದ ಕಾರು ಖಂಡಿತ ಸ್ಟಾರ್ಟ್ ಆಗಬೇಕು. ತುಂಬಿದ ಒಳ್ಳೆಯ ಬ್ಯಾಟರಿಯನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಬೇಕಾದರೆ ಎರಡರಿಂದ ಮೂರು ಆಂಪಿಯರ್ ಹರಿಯಬೇಕು. ಬ್ರೇಕ್ ಪೆಡಲ್‌ನ ಮೇಲ್ಭಾಗದಲ್ಲಿ ಸ್ವಿಚ್ಚನ್ನು ಒತ್ತುವ ಪುಟ್ಟ ಪ್ಲಾಸ್ಟಿಕ್ ಗುಂಡಿ ಪುಡಿಯಾಗಿ ಉದುರಿದಾಗ ಅಂಥದ್ದಾಗುತ್ತದೆ: 21 ವ್ಯಾಟ್‌ನ ಎರಡು ಬ್ರೇಕ್ ಬಲ್ಬ್‌ಗಳು ಬೆಳಗಾಗುವವರೆಗೆ ಉರಿದು ಮೂರೂವರೆ ಆಂಪಿಯರ್ ಎಳೆಯುತ್ತವೆ, ಕಾರಿನ ಹಿಂಭಾಗ ಗೋಡೆಗೆ ಮುಖ ಮಾಡಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮದು ಆ ಬಗೆಯದ್ದಲ್ಲ.

ನಿಮ್ಮ ಕಾರಿನಲ್ಲಿ ಬ್ಯಾಟರಿ ಇಳಿಯುತ್ತಿರುವುದು ರಾತ್ರಿ ಮಾತ್ರವಲ್ಲ. ಶಾಲೆಯ ಅಂಗಳದಲ್ಲಿ ನಿಂತಿರುವಾಗಲೂ ಅದೇ 0.42 ಹೋಗುತ್ತಿದೆ. ದಿನಕ್ಕೆ ಇಪ್ಪತ್ತಮೂರು ಗಂಟೆಗೂ ಹೆಚ್ಚು ಕಾಲ ನಿಲ್ಲುವ ಕಾರು ಸುಮಾರು ಹತ್ತು ಆಂಪಿಯರ್ ಅವರ್ ಕಳೆದುಕೊಳ್ಳುತ್ತದೆ. ಹೋಗಿ ಬರುವ ಅರ್ಧ ಗಂಟೆಯ ಓಟದಲ್ಲಿ, ಅದರಲ್ಲೂ ಆಗುಂಬೆ ಕಡೆಯ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಕೊಂಡು ಓಡಿಸುವಾಗ, ಐದಾರು ಮರಳಿ ಬಂದರೆ ಹೆಚ್ಚು. ಪ್ರತಿದಿನ ನಾಲ್ಕರಷ್ಟು ಬಾಕಿ ಬೀಳುತ್ತಾ ಹೋಗಿ ಒಂದು ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಹೊಸ ಬ್ಯಾಟರಿ ವಾರ ಹತ್ತು ದಿನ ತಡೆದುಕೊಂಡದ್ದು, ಶಿವಮೊಗ್ಗಕ್ಕೆ ಹೋಗಿ ಬಂದಾಗಲೆಲ್ಲ ಸರಿಹೋದದ್ದು, ಮಳೆಗಾಲದಲ್ಲೇ ತೊಂದರೆ ಕಾಣಿಸಿಕೊಂಡದ್ದು, ಈ ಮೂರಕ್ಕೂ ಇದೇ ಕಾರಣ. ಹಲವು ಬಾರಿ ತಳ ಮುಟ್ಟಿದ್ದರಿಂದ ಬ್ಯಾಟರಿಯ ಶಕ್ತಿಯೂ ಈಗ ಕುಂದಿರಬಹುದು, ಆ 8.9 ಅದರ ಸೂಚನೆ.

ಇನ್ನು ಕರೆಂಟ್ ಎಲ್ಲಿಗೆ ಹೋಗುತ್ತಿದೆ ಎಂಬುದು. ಎರಡೂ ಬಾಕ್ಸ್‌ಗಳ ಫ್ಯೂಸ್‌ಗಳಲ್ಲಿ ಕಾಣುತ್ತಿಲ್ಲ ಎಂದರೆ ಅವುಗಳನ್ನು ಹಾದುಹೋಗದೆ ನೇರ ಬ್ಯಾಟರಿಯಿಂದ ಹೋದ ತಂತಿಯಲ್ಲಿ ಹರಿಯುತ್ತಿದೆ ಎಂದೇ ಅರ್ಥ. ಅಂಥವು ಸಾಮಾನ್ಯವಾಗಿ ಮೂರು: ಸ್ಟಾರ್ಟರ್‌ನ ದಪ್ಪ ಕೇಬಲ್, ಆಲ್ಟರ್ನೇಟರ್‌ನ ಕೇಬಲ್, ಮತ್ತು ನಂತರ ಹಾಕಿಸಿದ ಆಂಪ್ಲಿಫೈಯರ್‌ನ ತಂತಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ, ಆಲ್ಟರ್ನೇಟರ್ ಒಳಗಿನ ಡಯೋಡ್ ಸೋರತೊಡಗಿದರೆ ಕಾರು ನಿಂತಿರುವಾಗಲೂ ಅದರಲ್ಲಿ ಕರೆಂಟ್ ಹರಿಯುತ್ತದೆ. ಸೋರಿಕೆ ಜೋರಾಗಿದ್ದರೆ ಬೆಳಿಗ್ಗೆ ತಣ್ಣಗಿರಬೇಕಾದ ಆಲ್ಟರ್ನೇಟರ್ ಮುಟ್ಟಿದಾಗ ಬೆಚ್ಚಗಿರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನೋಡಿ, ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೂ ಡಯೋಡ್ ಮೇಲೆ ಅನುಮಾನ ಪಡಬೇಕು. ಆದರೆ ಮೊದಲು ಸುಲಭವಾದದ್ದನ್ನು ಮಾಡಿ: ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಹೊರಟ ಹೊಸ ಕೆಂಪು ವೈರನ್ನು ಹಿಡಿದು ಹೋದರೆ ಒಂದಡಿ ದೂರದೊಳಗೆ ಪಾರದರ್ಶಕ ಗೂಡಿನಲ್ಲಿ ಒಂದು ಫ್ಯೂಸ್ ಇರಬೇಕು. ಮೀಟರ್ 0.42 ತೋರಿಸುತ್ತಿರುವಾಗ ಅದನ್ನು ಕೀಳಿ. ಅಲ್ಲಿ ಫ್ಯೂಸ್ ಇಲ್ಲದಿದ್ದರೆ ಇವತ್ತೇ ಹಾಕಿಸಬೇಕು. ಫ್ಯೂಸ್ ಇಲ್ಲದ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿ ಹತ್ತುತ್ತದೆ.

ಪ್ರಶ್ನೆ (ಅದೇ ಶಿಕ್ಷಕರಿಂದ):

ಸಿಕ್ಕಿತು ಸರ್. ಆ ಫ್ಯೂಸ್ ಕಿತ್ತ ಕೂಡಲೇ ಮೀಟರ್ 0.02ಕ್ಕೆ ಇಳಿಯಿತು. ಸೀಟಿನ ಕೆಳಗೆ ಕೈ ಹಾಕಿ ನೋಡಿದರೆ ಆಂಪ್ಲಿಫೈಯರ್ ಬೆಚ್ಚಗಿದೆ, ಅದರ ಹಸಿರು ದೀಪ ಉರಿಯುತ್ತಿದೆ. ಸ್ಟೀರಿಯೋ ಹೊರಗೆಳೆದಾಗ ಅದರ ಹಿಂದೆ ನೀಲಿ ತಂತಿಯನ್ನು ಹಳದಿ ತಂತಿಗೆ ಸುತ್ತಿ ಟೇಪ್ ಹಚ್ಚಿದ್ದಾರೆ. ಇದು ಸರಿಯೇ? ಬ್ಯಾಟರಿಯನ್ನು ಮತ್ತೆ ಬದಲಿಸಬೇಕೇ?

ಉತ್ತರ:

ಅದೇ ಕಾರಣ ಮೇಷ್ಟ್ರೇ. ಸ್ಟೀರಿಯೋದ ಹಳದಿ ತಂತಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಸ್ಟೇಷನ್‌ಗಳ ನೆನಪು ಉಳಿಯಲು ಅದು ಬೇಕು. ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಜೀವ ಪಡೆಯುತ್ತದೆ. ಸಾಮಾನ್ಯವಾಗಿ ಬಿಳಿ ಗೆರೆಯಿರುವ ನೀಲಿ ತಂತಿಯೊಂದು ಸ್ಟೀರಿಯೋದಿಂದ ಹೊರಡುತ್ತದೆ. ಸ್ಟೀರಿಯೋ ಹಾಡಲು ಶುರುಮಾಡಿದಾಗ ಆಂಪ್ಲಿಫೈಯರ್‌ಗೆ ಏಳು ಎಂದು, ನಿಂತಾಗ ಮಲಗು ಎಂದು ಹೇಳುವುದು ಅದರ ಕೆಲಸ. ಆಂಪ್ಲಿಫೈಯರ್‌ನಿಂದ ಬಂದ ನೀಲಿ ತಂತಿಯನ್ನು ಇದಕ್ಕೆ ಸೇರಿಸುವ ಬದಲು ಹಳದಿಗೆ ಸೇರಿಸಿರುವುದರಿಂದ ಅದು ಹಗಲೂ ರಾತ್ರಿ ಎಚ್ಚರವಾಗಿಯೇ ಇತ್ತು. ಆ ಸುತ್ತನ್ನು ಬಿಚ್ಚಿ, ಹಳದಿಯ ಬರಿ ಭಾಗಕ್ಕೆ ಚೆನ್ನಾಗಿ ಇನ್ಸುಲೇಷನ್ ಮಾಡಿ, ನೀಲಿಯನ್ನು ಸ್ಟೀರಿಯೋದ ನೀಲಿ-ಬಿಳಿ ತಂತಿಗೆ ಸೇರಿಸಬೇಕು. ಬೆಸುಗೆ ಹಾಕಿ ಸ್ಲೀವ್ ಏರಿಸಿದರೆ ಬಾಳಿಕೆ ಬರುತ್ತದೆ. ಸುತ್ತಿ ಟೇಪ್ ಹಚ್ಚುವ ಪದ್ಧತಿ ಮಲೆನಾಡಿನ ತೇವಕ್ಕೆ ನಿಲ್ಲುವುದಿಲ್ಲ.

ಬ್ಯಾಟರಿಯನ್ನು ಈಗಲೇ ಬದಲಿಸಬೇಡಿ. ಅದನ್ನು ಚಾರ್ಜರ್‌ಗೆ ಹಾಕಿಸಿ, ಮೂರೂವರೆ ಆಂಪಿಯರ್ ಮೀರದಂತೆ ನಿಧಾನವಾಗಿ, ಒಂದು ಇಡೀ ರಾತ್ರಿ. ಅವಸರದ ಚಾರ್ಜಿಂಗ್ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಖಾಲಿಯಾಗಿ ನಿಂತ ಬ್ಯಾಟರಿಯ ಸೀಸದ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಸ್ವಲ್ಪ ಸಮಯವಷ್ಟೇ ಆಗಿದ್ದರೆ ನಿಧಾನದ ಚಾರ್ಜಿಂಗ್‌ಗೆ ಅದರಲ್ಲೊಂದಿಷ್ಟು ಕರಗುತ್ತದೆ. ಚಾರ್ಜ್ ಆದ ಮೇಲೆ ಒಂದು ರಾತ್ರಿ ಸುಮ್ಮನಿಟ್ಟು ನೋಡಿದಾಗ 12.6 ಉಳಿದಿದ್ದು, ಸ್ಟಾರ್ಟ್ ಮಾಡುವಾಗ 9.6ರ ಮೇಲಿದ್ದರೆ ಧೈರ್ಯವಾಗಿ ಬಳಸಿ. ಇಲ್ಲದಿದ್ದರೆ ಭಾರ ಹೊರಿಸಿ ನೋಡುವ ಲೋಡ್ ಟೆಸ್ಟ್ ಮಾಡಿಸಿ, ವಾರಂಟಿ ಕಾರ್ಡ್ ಜೊತೆಗೆ ಅಂಗಡಿಗೆ ಕೊಂಡೊಯ್ಯಿರಿ.

ಪ್ರಶ್ನೆ (ಶಾರ್ಜಾದಿಂದ):

ಉಡುಪಿಯ ಮನೆಯಲ್ಲಿ ಕಾರು ನಿಲ್ಲಿಸಿ ಬರುತ್ತೇವೆ, ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ ಬ್ಯಾಟರಿ ಸತ್ತಿರುತ್ತದೆ. ತಂದೆಯವರು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುತ್ತಾರೆ. ಫಾಸ್ಟ್ಯಾಗ್ ಕರೆಂಟ್ ಎಳೆಯುತ್ತದೆಯೇ?

ಉತ್ತರ:

ಫಾಸ್ಟ್ಯಾಗ್‌ಗೂ ಕಾರಿನ ಬ್ಯಾಟರಿಗೂ ಸಂಬಂಧವೇ ಇಲ್ಲ. ಟೋಲ್‌ನ ರೀಡರ್ ಕಳುಹಿಸುವ ರೇಡಿಯೋ ಅಲೆಯಿಂದಲೇ ಅದು ಶಕ್ತಿ ಪಡೆಯುತ್ತದೆ. ನಿಮ್ಮ ಕಾರಿನಲ್ಲಿ ದೋಷವೇ ಇರಲಾರದು: ಸಹಜವಾದ 0.03 ಆಂಪಿಯರ್ ಕೂಡ ದಿನಕ್ಕೆ 0.72, ನಲವತ್ತೈದು ದಿನಕ್ಕೆ 32 ಆಂಪಿಯರ್ ಅವರ್ ಆಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸುವುದರಿಂದ ವಾರದಲ್ಲಿ ಹೋದದ್ದು ತುಂಬುವುದಿಲ್ಲ. ತಂದೆಯವರಿಗೆ ಸಾಧ್ಯವಿದ್ದರೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಲಿ. ಇಲ್ಲವಾದರೆ ನೀವು ಹೊರಡುವ ಮೊದಲು ಪೂರ್ತಿ ಚಾರ್ಜ್ ಮಾಡಿಸಿ ನೆಗೆಟಿವ್ ಕೇಬಲ್ ಬಿಚ್ಚಿಡಿ. ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಕೀಯಿಂದಲೇ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಡಿಕ್ಕಿ ಸ್ವಿಚ್‌ನಿಂದ ಮಾತ್ರ ತೆರೆಯುವಂಥದ್ದಾದರೆ ಸ್ಪ್ಯಾನರನ್ನು ಅದರೊಳಗೆ ಇಡಬೇಡಿ. ಮರಳಿ ಜೋಡಿಸಿದಾಗ ಗಡಿಯಾರ ಮತ್ತು ಪವರ್ ವಿಂಡೋ ಸರಿಪಡಿಸಿಕೊಳ್ಳಬೇಕಾಗಬಹುದು.

ಪ್ರಶ್ನೆ (ಬೆಂಗಳೂರಿನಿಂದ):

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಡ್ಯಾಶ್‌ಕ್ಯಾಮ್ ಇದೆ. ಅಳೆದರೆ ಒಮ್ಮೆ 0.03, ಇನ್ನೊಮ್ಮೆ 0.6 ಬರುತ್ತಿದೆ.

ಉತ್ತರ:

ಕೀಯನ್ನು ಕಾರಿನಿಂದ ಹತ್ತು ಮೀಟರ್ ದೂರ ಇಟ್ಟು ಮತ್ತೆ ಅಳೆಯಿರಿ. ಕೀ ಹತ್ತಿರದಲ್ಲೇ ಇದ್ದರೆ ಕೆಲವು ಕಾರುಗಳು ಪದೇ ಪದೇ ಎಚ್ಚರಗೊಳ್ಳುತ್ತವೆ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ (ವರ್ಕ್‌ಶಾಪ್‌ನವರು ಸ್ಕ್ಯಾನರ್ ಚುಚ್ಚುವ ಜಾಗ) ಏನಾದರೂ ಚುಚ್ಚಿದ್ದರೆ ತೆಗೆಯಿರಿ. ಡ್ಯಾಶ್‌ಕ್ಯಾಮ್‌ನಲ್ಲಿ ಪಾರ್ಕಿಂಗ್ ಮೋಡ್ ಇದ್ದರೆ ಎದುರಿಗೆ ಯಾರಾದರೂ ಹಾದುಹೋದಾಗಲೆಲ್ಲ ರೆಕಾರ್ಡ್ ಮಾಡುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅದಕ್ಕೆ ಬಿಡುವೇ ಇರುವುದಿಲ್ಲ. ಕ್ಯಾಮ್ ತಾನೇ ಆಫ್ ಆಗುವ ಕಟ್-ಆಫ್ ವೋಲ್ಟೇಜನ್ನು 12.2ಕ್ಕಿಂತ ಕೆಳಗೆ ಇಡಬೇಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲುವ ಸೌಲಭ್ಯವಿರುವ ಕಾರಾದರೆ, ಬ್ಯಾಟರಿ ಬದಲಿಸುವಾಗ ಮೊದಲಿದ್ದ ಬಗೆಯದ್ದನ್ನೇ ಹಾಕಿಸಬೇಕು. ಸಾಮಾನ್ಯ ಬ್ಯಾಟರಿ ಅಂಥ ಕಾರಿನಲ್ಲಿ ಬೇಗ ಸೋಲುತ್ತದೆ.

ಪ್ರಶ್ನೆ (ಕಲಬುರಗಿಯಿಂದ):

ರಾತ್ರಿಯಿಡೀ ಚಾರ್ಜ್ ಮಾಡಿಸಿ ತಂದರೂ ಬೆಳಿಗ್ಗೆ 10.5 ವೋಲ್ಟ್. ನಿಂತ ಕಾರಿನಲ್ಲಿ ಕರೆಂಟ್ 0.03 ಮಾತ್ರ ಇದೆ. ಬ್ಯಾಟರಿಗೆ ಎರಡೂವರೆ ವರ್ಷ.

ಉತ್ತರ:

ನಿಮ್ಮ ಕಾರಿನಲ್ಲಿ ಹುಡುಕುವುದೇನೂ ಇಲ್ಲ, ಬ್ಯಾಟರಿಯೇ ಕೆಟ್ಟಿದೆ. ಆರು ಸೆಲ್‌ಗಳು ಒಂದೊಂದೂ 2.1 ವೋಲ್ಟ್ ಕೊಟ್ಟರೆ 12.6 ಆಗುತ್ತದೆ, ಒಂದು ಸೆಲ್ ಒಳಗೇ ಶಾರ್ಟ್ ಆದರೆ ಸರಿಯಾಗಿ 10.5 ಉಳಿಯುತ್ತದೆ. ಮುಚ್ಚಳ ತೆರೆಯುವಂಥ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಲ್ಲಿ ನೋಡಿಸಿ, ಒಂದು ಸೆಲ್‌ನ ಗ್ರಾವಿಟಿ, ಅಂದರೆ ಆಸಿಡ್‌ನ ಸಾಂದ್ರತೆ, ಉಳಿದವುಗಳಿಗಿಂತ ಬಹಳ ಕೆಳಗಿರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಆದರೆ ಹೊಸದನ್ನು ಹಾಕಿಸಿದ ದಿನವೇ ಎಂಜಿನ್ ಓಡುವಾಗಿನ ವೋಲ್ಟೇಜ್ ಅಳೆಯಿಸಿ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಿರಿ, ನಿಮ್ಮ ಕಡೆಯ ಬಿಸಿಲಿಗೆ ಅದೂ ಸೇರಿದರೆ ನೀರು ಬೇಗ ಆವಿಯಾಗಿ ಪ್ಲೇಟ್‌ಗಳು ಹೊಸ ಬ್ಯಾಟರಿಯಲ್ಲೂ ಹೀಗೆಯೇ ಹಾಳಾಗುತ್ತವೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕೊಳವೆಬಾವಿಯ ನೀರನ್ನಾಗಲಿ ಆಸಿಡ್ ಅನ್ನಾಗಲಿ ಹಾಕಲು ಯಾರಿಗೂ ಬಿಡಬೇಡಿ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಹಿಂದಿರುಗಿಸಿ, ಸೀಸಕ್ಕೆ ಬೆಲೆಯಿರುವುದರಿಂದ ಹೊಸದರ ದರದಲ್ಲಿ ಅಷ್ಟನ್ನು ಕಳೆದುಕೊಡುತ್ತಾರೆ.